ಟೂವೂಂಬಾಕ್ಕೆ ಹೊರಟವರ ಪಿಕಪ್ ಪ್ರಶ್ನೆಗೆ ಉತ್ತರ

ನಿಮ್ಮ ಪತ್ರ ತಲುಪಿತು. ಪೀಣ್ಯದಲ್ಲಿ ಹೈಡ್ರಾಲಿಕ್ ಪಂಪುಗಳ ನಡುವೆ ಪಳಗಿದ ಕೈಗೆ ಆಸ್ಟ್ರೇಲಿಯದ ಟೂವೂಂಬಾದಲ್ಲಿ ಕೃಷಿ ಯಂತ್ರಗಳ ದುರಸ್ತಿ ಕೆಲಸ ಸಿಕ್ಕಿದೆ ಎಂದು ಓದಿ ಸಂತೋಷವಾಯಿತು. ಬಾಡಿಗೆ, ಚಳಿ, ಅಕ್ಕಿ ಬೇಳೆ, ಕನ್ನಡದವರ ಒಡನಾಟ ಇವನ್ನೆಲ್ಲ ಒಂದೊಂದು ಸಾಲಿನಲ್ಲಿ ಕೇಳಿ, ಡೀಸೆಲ್ ಪಿಕಪ್ ಗಾಡಿಗೆ ಮಾತ್ರ ಒಂದು ಪುಟ ಕೊಟ್ಟಿದ್ದೀರಿ. ಉತ್ತರವನ್ನೂ ಅದೇ ಅಳತೆಯಲ್ಲಿ ಬರೆಯುತ್ತೇನೆ. ಬಾಡಿಗೆ ಮನೆ ಕೂಡಲೇ ಸಿಗುವುದಿಲ್ಲ, ಮೊದಲಿಗೆ ಯಾರ ಜೊತೆಗಾದರೂ ಹಂಚಿಕೊಂಡು ಇರಿ. ಜುಲೈ ತಿಂಗಳಲ್ಲಿ ಚಳಿ ಕೊರೆಯುತ್ತದೆ, ಆದರೆ ಉಣ್ಣೆ ಬಟ್ಟೆಯನ್ನು ಇಲ್ಲಿಂದ ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ. ತೊಗರಿ ಬೇಳೆ ಸಿಗುತ್ತದೆ. ಕನ್ನಡದವರು ಹೆಚ್ಚಾಗಿ ಬ್ರಿಸ್ಬೇನ್ ಕಡೆ ಇದ್ದಾರೆ, ಸುಮಾರು 125 ಕಿಲೋಮೀಟರ್ ದೂರ. ಯುಗಾದಿಗೂ ರಾಜ್ಯೋತ್ಸವಕ್ಕೂ ಅಲ್ಲಿಗೆ ಹೋಗಬೇಕೆಂದರೆ ಗಾಡಿ ಬೇಕು, ಕೆಲಸಕ್ಕೆ ಹೋಗಬೇಕೆಂದರೂ ಬೇಕು. ಹಾಗಾಗಿ ನೀವು ಗಾಡಿಯ ಬಗ್ಗೆ ಒಂದು ಪುಟ ಬರೆದದ್ದು ಅತಿಯಾಯಿತು ಎನಿಸಲಿಲ್ಲ.

ನೀವು ಕೇಳಿದ್ದು ಇಷ್ಟು: ಟೊಯೊಟಾ ಹೈಲಕ್ಸ್ 150 ಕಿಲೋವ್ಯಾಟ್, ಇಸುಜು ಡಿ-ಮ್ಯಾಕ್ಸ್ 140, ಫೋರ್ಡ್ ರೇಂಜರಿನ ಎರಡು ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇರುವ ಎಂಜಿನ್ 154, ಅದರದೇ ಆರು ಸಿಲಿಂಡರಿನ ವಿ6 ಎಂಜಿನ್ 184. ಸಾಲ ಮಾಡಿಯಾದರೂ 184ನ್ನೇ ಕೊಳ್ಳಲೇ? ಜೊತೆಗೆ, ನಮ್ಮ ಬೆಂಗಳೂರಿನ ಹೈಲಕ್ಸ್ 204 ಎಂದು ಬರೆದಿರುತ್ತದೆ, ಆಸ್ಟ್ರೇಲಿಯದ್ದು ಏಕೆ ಇಷ್ಟು ಕಡಿಮೆ?

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಎರಡೂ ಒಂದೇ. ಇಲ್ಲಿ ಬರೆಯುವುದು ಅಶ್ವಶಕ್ತಿ, ಅಲ್ಲಿ ಬರೆಯುವುದು ಕಿಲೋವ್ಯಾಟ್. ಒಂದು ಅಶ್ವಶಕ್ತಿಗೆ 0.7355 ಕಿಲೋವ್ಯಾಟಿನಂತೆ ಲೆಕ್ಕ ಹಾಕಿದರೆ 204 ಎಂದರೆ 150. ಬಿಡದಿಯಲ್ಲಿ ಜೋಡಣೆಯಾಗಿ ಮೈಸೂರು ರಸ್ತೆಗೆ ಇಳಿಯುವ ಹೈಲಕ್ಸಿನಲ್ಲಿರುವುದು ಅಲ್ಲಿ ಮಾರುತ್ತಿರುವ ಅದೇ 2.8 ಲೀಟರಿನ ಎಂಜಿನ್. ಇದು ನಿಮಗೆ ದೊಡ್ಡ ಅನುಕೂಲ. ವಿಮಾನ ಹತ್ತುವ ಮೊದಲೇ, ಇಲ್ಲೇ, ಆ ಎಂಜಿನ್ ಓಡಿಸಿ ನೋಡಬಹುದು. ಮೈಲೇಜಿನ ಲೆಕ್ಕವೂ ಅಲ್ಲಿ ತಿರುಗುಮುರುಗು. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಹೇಳುತ್ತಾರೆ. 8 ಎಂದರೆ ನಮ್ಮ ಹನ್ನೆರಡೂವರೆ, 10 ಎಂದರೆ ಹತ್ತು. ಅಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಜೇಬಿಗೆ ಕೇಡು.

ಇನ್ನು 150, 140, 184ರ ಮಾತು. ಕಂಪನಿ ಅಚ್ಚು ಹಾಕಿಸುವ ಶಕ್ತಿಯ ಸಂಖ್ಯೆ ಮದುವೆಯ ದಿನ ಮಾತ್ರ ಉಡುವ ರೇಷ್ಮೆ ಪಂಚೆ ಇದ್ದಂತೆ. ಎಂಜಿನ್ ನಿಮಿಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವಾಗ ಮಾತ್ರ ಅದು ಹೊರಬರುತ್ತದೆ. ಡೀಸೆಲ್ ಪಿಕಪ್ ತನ್ನ ಆಯುಷ್ಯದ ಬಹುಪಾಲನ್ನು 1,200ರಿಂದ 2,500 ಸುತ್ತಿನ ನಡುವೆ ಕಳೆಯುತ್ತದೆ. ಅಲ್ಲಿ ಎಷ್ಟು ಎಳೆಯುತ್ತದೆ ಎಂಬುದನ್ನು ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಹೇಳುತ್ತದೆ. ನ್ಯೂಟನ್ ಮೀಟರಿನಲ್ಲಿ ಅಳೆದ ಟಾರ್ಕನ್ನು ನಿಮಿಷದ ಸುತ್ತಿನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಆ ಕ್ಷಣದ ಕಿಲೋವ್ಯಾಟ್ ಸಿಗುತ್ತದೆ. ಹೈಡ್ರಾಲಿಕ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಒತ್ತಡವನ್ನು ಹರಿವಿನಿಂದ ಗುಣಿಸುವ ನಿಮ್ಮ ಲೆಕ್ಕದ ದಾಯಾದಿ ಇದು.

ಆಟೊಮ್ಯಾಟಿಕ್ ಹೈಲಕ್ಸ್ 1,600ರಿಂದ 2,800 ಸುತ್ತಿನವರೆಗೂ 500 ನ್ಯೂಟನ್ ಮೀಟರ್ ಕೊಡುತ್ತದೆ. ಮೂರು ಲೀಟರಿನ ಡಿ-ಮ್ಯಾಕ್ಸ್ 1,600ರಿಂದ 2,600ರವರೆಗೆ 450 ಕೊಡುತ್ತದೆ. ರೇಂಜರಿನ ಎರಡು ಲೀಟರಿನ, ಎರಡು ಟರ್ಬೊ ಇರುವ ಎಂಜಿನ್ ಕೂಡ 500 ಎನ್ನುತ್ತದೆ, ಆದರೆ 1,750ರಿಂದ 2,000ದವರೆಗೆ ಮಾತ್ರ. ಕಾಗದದ ಮೇಲೆ 154 ಎಂಬುದು 150ಕ್ಕಿಂತ ದೊಡ್ಡದು. ಆ 154 ಬರುವ 3,750 ಸುತ್ತಿನಲ್ಲಿ ಲೆಕ್ಕ ಹಾಕಿ ನೋಡಿ, ಟಾರ್ಕ್ 392ಕ್ಕೆ ಇಳಿದಿರುತ್ತದೆ. ಎಂಜಿನ್ನನ್ನು ಆ ಕಿರಿದಾದ ಪಟ್ಟಿಯ ಆಸುಪಾಸಿನಲ್ಲೇ ಇಡುವುದಕ್ಕೆ ಫೋರ್ಡಿನವರು ಹತ್ತು ಗೇರು ಕೊಟ್ಟಿದ್ದಾರೆ. ಅದು ಜಾಣತನವೇ, ಬೇಡವೆನ್ನುವುದಿಲ್ಲ. ಆದರೆ ಭಾರ ಎಳೆಯುವಾಗ ಗೇರುಪೆಟ್ಟಿಗೆ ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ, ಕೂತವರಿಗೆ ಅದು ಗೊತ್ತಾಗುತ್ತದೆ. ವಿ6 ಬೇರೆ ಜಾತಿ: 1,750 ಸುತ್ತಿಗೇ 600 ನ್ಯೂಟನ್ ಮೀಟರ್, ಅಂದರೆ ಅಲ್ಲೇ 110 ಕಿಲೋವ್ಯಾಟ್. ಅದೇ ಸುತ್ತಿನಲ್ಲಿ ಹೈಲಕ್ಸ್ ಸುಮಾರು 92, ಡಿ-ಮ್ಯಾಕ್ಸ್ 82. ವಿ6ನ ಹೆಚ್ಚುಗಾರಿಕೆ ಬರೀ ಜಾಹೀರಾತಲ್ಲ, ಕೆಳ ಸುತ್ತಿನಿಂದಲೇ ಇದೆ.

ಈಗ ಬೆಂಗಳೂರಿನಲ್ಲಿ ಮಾಡಬೇಕಾದ ಪರೀಕ್ಷೆ. ನಾನು ಆಸ್ಟ್ರೇಲಿಯದಿಂದ ರಜೆಗೆ ಬಂದು ರಾಜಾಜಿನಗರದ ಅಕ್ಕನ ಮನೆಯಲ್ಲಿದ್ದೇನೆ. ನನ್ನ ಷಡ್ಡಕನ ಹತ್ತಿರ ಮ್ಯಾನ್ಯುಯಲ್ ಗೇರಿನ ಹೈಲಕ್ಸ್ ಇದೆ. ಮೊನ್ನೆ ಅದನ್ನು ಗೊರಗುಂಟೆಪಾಳ್ಯದಿಂದ ಪೀಣ್ಯದ ಮೇಲ್ಸೇತುವೆಗೆ ಹತ್ತಿಸುವಾಗ, ಮುಂದಿನ ಲಾರಿ ನಿಧಾನಿಸಿತೆಂದು ಮೂರನೇ ಗೇರಿನಲ್ಲೇ 1,200 ಸುತ್ತಿಗೆ ಬಿಟ್ಟು ಆಮೇಲೆ ಆಕ್ಸಿಲರೇಟರ್ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಗೇರಿನ ಹಿಡಿ ಅದುರಿತು, ಎಂಜಿನ್ ಗುಡುಗುಟ್ಟಿತು, ಮುಳ್ಳು 1,400 ದಾಟುವ ಹೊತ್ತಿಗೆ ಟರ್ಬೊ ಎಚ್ಚೆತ್ತು ಗಾಡಿ ಒಮ್ಮೆಗೇ ಮುಂದೆ ಜಿಗಿಯಿತು. ಆ ಒಂದು ಕ್ಷಣದ ಮೌನವನ್ನು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ, ದಿನಕ್ಕೆ ನೂರು ಸಲ ಅನುಭವಿಸುವುದು ಅದನ್ನೇ. ಮ್ಯಾನ್ಯುಯಲ್ ಹೈಲಕ್ಸಿನ ಟಾರ್ಕ್ 420 ಮಾತ್ರ, ಆದರೆ 1,400ರಿಂದ 3,400 ಸುತ್ತಿನವರೆಗೂ ಸಮತಟ್ಟಾಗಿ ಇರುತ್ತದೆ. ಆಟೊಮ್ಯಾಟಿಕ್ಕಿನಲ್ಲಿ ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವಿನ ಎಣ್ಣೆಯ ಜೋಡಣೆಯಾದ ಟಾರ್ಕ್ ಕನ್ವರ್ಟರ್ ಜಾರಿಕೊಂಡು ಆ ಮೌನವನ್ನು ಮುಚ್ಚಿಹಾಕುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಸಮುದ್ರ ತೀರಕ್ಕಿಂತ ಹತ್ತರಲ್ಲಿ ಒಂದು ಪಾಲು ತೆಳು. ಟರ್ಬೊ ಒತ್ತಡ ಏರಿದ ಮೇಲೆ ಈ ಕೊರತೆ ಬಹುಮಟ್ಟಿಗೆ ತುಂಬಿಹೋಗುತ್ತದೆ, ಏರುವ ಮೊದಲಿನ ಮಂದತನ ಮಾತ್ರ ಇಲ್ಲಿ ಸ್ವಲ್ಪ ಹೆಚ್ಚು. ಟೂವೂಂಬಾ ಸುಮಾರು 700 ಮೀಟರಿನಲ್ಲಿದೆ, ಇಲ್ಲಿಗಿಂತ ಚೆನ್ನಾಗಿರುತ್ತದೆಯೇ ಹೊರತು ಕೆಟ್ಟದಾಗಿರುವುದಿಲ್ಲ.

ಇಸುಜು ವಿ-ಕ್ರಾಸ್ ಓಡಿಸಿ ಡಿ-ಮ್ಯಾಕ್ಸ್ ಹೇಗಿದೆ ಎಂದು ತೀರ್ಮಾನಿಸಲು ಹೋಗಬೇಡಿ. ಇಲ್ಲಿಯದು 1.9 ಲೀಟರ್, 163 ಅಶ್ವಶಕ್ತಿ, 360 ನ್ಯೂಟನ್ ಮೀಟರ್, ಅದೂ 2,000 ಸುತ್ತು ದಾಟಿದ ಮೇಲೆ. ನಂದಿ ಬೆಟ್ಟದ ತಿರುವುಗಳಲ್ಲಿ ಎರಡನೇ ಗೇರಿಗೆ ಇಳಿಸದಿದ್ದರೆ ಉಸಿರು ಕಟ್ಟುತ್ತದೆ. ಅಲ್ಲಿನ ಮೂರು ಲೀಟರಿನ ಎಂಜಿನ್ ಇಸುಜುವಿನ ಸಣ್ಣ ಲಾರಿಗಳಲ್ಲಿ ದುಡಿಯುವ ಎಂಜಿನ್ನಿನ ಕುಲದ್ದು. ಸದ್ದು ಒರಟು, ಎಳೆತ ಶಾಂತ.

ಟೂವೂಂಬಾ ಬೆಟ್ಟದ ತಲೆಯ ಮೇಲೆ ಕುಳಿತಿರುವ ಊರು. ಬ್ರಿಸ್ಬೇನ್ ಕಡೆಯಿಂದ ಬಂದರೆ ಕೊನೆಯ ಏರು ನೂರು ಮೀಟರಿಗೆ ಹತ್ತು ಮೀಟರಿನಷ್ಟು ಕಡಿದು. 2019ರಲ್ಲಿ ಟೋಲ್ ಕಟ್ಟುವ ಹೊಸ ದಾರಿ ತೆರೆದ ಮೇಲೆ ಭಾರದ ಲಾರಿಗಳು ಅತ್ತ ಹೋಗುತ್ತವೆ, ಪಿಕಪ್ಪಿನವರು ಈಗಲೂ ಹಳೆಯ ದಾರಿಯಲ್ಲೇ ಹತ್ತುತ್ತೇವೆ. ಹಿಂದೆ ಟ್ರೇಲರಿನಲ್ಲಿ ಎರಡೂವರೆ ಟನ್ನಿನ ಅಗೆಯುವ ಯಂತ್ರ, ಗಾಡಿ, ಸಲಕರಣೆ, ನಾವು ಎಲ್ಲ ಸೇರಿ ಐದು ಟನ್ ಎಂದುಕೊಳ್ಳಿ. ಗಂಟೆಗೆ 60 ಕಿಲೋಮೀಟರಿನಲ್ಲಿ ಆ ಭಾರವನ್ನು ಮೇಲೆತ್ತುವುದಕ್ಕೇ 82 ಕಿಲೋವ್ಯಾಟ್ ಬೇಕು. ಟೈರಿನ ಉಜ್ಜಾಟ, ಗಾಳಿ, ಗೇರುಪೆಟ್ಟಿಗೆಯಲ್ಲಿ ಸೋರುವುದು ಇವೆಲ್ಲ ಬೇರೆ. ಇಲ್ಲಿ ಬರೀ ಟಾರ್ಕ್ ಸಾಲದು. ಗೇರು ಕೆಳಗಿಳಿಸಿ ಎಂಜಿನ್ನನ್ನು 2,800ರ ಸುಮಾರಿನಲ್ಲಿ ಹಿಡಿದಿಟ್ಟರೆ ಹೈಲಕ್ಸೂ ಡಿ-ಮ್ಯಾಕ್ಸೂ 60ರ ಆಸುಪಾಸಿನಲ್ಲಿ ದೂರಿಲ್ಲದೆ ಹತ್ತುತ್ತವೆ, ವಿ6 ಎಂಬತ್ತರಲ್ಲಿ ಹತ್ತಬಲ್ಲದು. ವ್ಯತ್ಯಾಸ ಅಷ್ಟೇ. ಬೆಟ್ಟ ಕೆಲವು ನಿಮಿಷಗಳಲ್ಲಿ ಮುಗಿದುಹೋಗುತ್ತದೆ, ಸಾಲ ಹಾಗಲ್ಲ. ಇಳಿಯುವಾಗ ಕೈಯಾರೆ ಕೆಳಗಿನ ಗೇರಿಗೆ ಹಾಕಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಇಳಿಯಬೇಡಿ. ಶಿರಾಡಿ ಘಾಟಿ ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ.

ಶಕ್ತಿ ನಿಜಕ್ಕೂ ಕೆಲಸಕ್ಕೆ ಬರುವುದು ಪಶ್ಚಿಮದ ರಸ್ತೆಗಳಲ್ಲಿ. ಅಲ್ಲಿ ರೋಡ್ ಟ್ರೇನ್ ಎಂಬ ಲಾರಿ ಸರಪಳಿಗಳು ಓಡುತ್ತವೆ, ಉದ್ದ 36.5 ಮೀಟರ್, ಇನ್ನೂ ಒಳಗೆ ಹೋದರೆ 53.5 ಮೀಟರ್. ಆ 53.5 ಮೀಟರಿನದು 90ರಲ್ಲಿ, ನೀವು 110ರಲ್ಲಿ ಇದ್ದೀರಿ ಎಂದುಕೊಳ್ಳಿ. ಹಿಂದೆ ಮುಂದೆ ಇಪ್ಪತ್ತೈದು ಮೀಟರ್ ಅಂತರ ಬಿಟ್ಟು ದಾಟುವುದಕ್ಕೆ ಸುಮಾರು 20 ಸೆಕೆಂಡು, ಎದುರಿನವರ ಪಾಲಿನ ರಸ್ತೆಯಲ್ಲಿ 600 ಮೀಟರ್. 90ರಿಂದ 110ಕ್ಕೆ ಎಷ್ಟು ಬೇಗ ಏರುತ್ತೀರಿ ಎಂಬುದು ಆಗ ಮುಖ್ಯ. ಖಾಲಿ ಗಾಡಿಯಲ್ಲಿ 140 ಕಿಲೋವ್ಯಾಟ್ ಸಾಕು. ಟ್ರೇಲರ್ ಹಿಂದಿದ್ದರೆ ವಿ6 ಇದ್ದವರೂ ಕಾಯುವುದು ಲೇಸು, ಹಿಂದಿಕ್ಕುವ ಪಥ ಬಂದೇ ಬರುತ್ತದೆ. ಮುಸ್ಸಂಜೆಯಲ್ಲಂತೂ ಬೇಡವೇ ಬೇಡ, ಕಾಂಗರೂ ಯಾವ ಬದಿಯಿಂದ ಹಾರುತ್ತದೆ ಎಂದು ಅದಕ್ಕೂ ಗೊತ್ತಿರುವುದಿಲ್ಲ.

ಖಾಲಿ ಗಾಡಿಯ ನಡಿಗೆಯನ್ನು ನೀವು ಕೇಳಿಲ್ಲ, ಯಾರೂ ಕೇಳುವುದಿಲ್ಲ. ಹಿಂದೆ ಲೀಫ್ ಸ್ಪ್ರಿಂಗ್, ಒಂದು ಟನ್ ಹೊರುವುದಕ್ಕೆ ಕಟ್ಟಿದ್ದು. ಭಾರವಿಲ್ಲದಾಗ ಹಿಂಭಾಗ ಕುಣಿಯುತ್ತದೆ. ಮಳೆ ಹನಿದ ವೃತ್ತದಲ್ಲಿ ತಿರುಗಿಸುತ್ತಾ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರಕ್ಕೆ ಆ 500 ನ್ಯೂಟನ್ ಮೀಟರ್ ಒಮ್ಮೆಗೇ ಬಂದು ಬೀಳುತ್ತದೆ, ಬಾಲ ಪಕ್ಕಕ್ಕೆ ಸರಿಯುತ್ತದೆ. ಎಲೆಕ್ಟ್ರಾನಿಕ್ಸ್ ಹಿಡಿದು ನಿಲ್ಲಿಸುತ್ತದೆ, ಆದರೂ ಎದೆ ಧಸಕ್ಕೆನ್ನುತ್ತದೆ. ನನ್ನ ಕಾಲದ ಹೈಲಕ್ಸ್, ಡಿ-ಮ್ಯಾಕ್ಸ್‌ಗಳಲ್ಲಿ ನಾಲ್ಕು ಚಕ್ರದ ಎಳೆತವನ್ನು ಒಣ ಡಾಂಬರಿನ ಮೇಲೆ ಹಾಕುವಂತಿಲ್ಲ, ಹಾಕಿದರೆ ತಿರುವಿನಲ್ಲಿ ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ವಿ6 ರೇಂಜರಿನಲ್ಲಿ ಡಾಂಬರಿನಲ್ಲೂ ಬಳಸಬಹುದಾದ ವ್ಯವಸ್ಥೆ ಇದೆ. ಸಾಲ ಮಾಡಿ ವಿ6 ಕೊಳ್ಳಲು ನನಗೆ ಕಾಣುವ ಅತ್ಯುತ್ತಮ ಕಾರಣ ಅದು, 184 ಅಲ್ಲ. ಹೊಲಕ್ಕೆ ಇಳಿದರೆ ಟೂವೂಂಬಾ ಕಡೆಯ ಡಾರ್ಲಿಂಗ್ ಡೌನ್ಸ್ ಬಯಲಿನ ಮಣ್ಣು ಗದಗ, ರೋಣದ ಎರೆಭೂಮಿಯದೇ ಬಗೆ, ಒದ್ದೆಯಾದರೆ ಟೈರನ್ನು ಬಿಡುವುದಿಲ್ಲ. ಅಲ್ಲಿ ಲೋ ರೇಂಜ್ ಗೇರು ಎಳೆತವನ್ನು ಎರಡೂವರೆ ಪಟ್ಟು ಮಾಡುತ್ತದೆ, ಎಲ್ಲ ಎಂಜಿನ್ನುಗಳೂ ಬೇಕಾದ್ದಕ್ಕಿಂತ ಹೆಚ್ಚೇ. ಸೋಲುವುದು ಟೈರು.

3,500 ಕಿಲೋ ಎಳೆಯುತ್ತದೆ ಎಂಬ ಬರಹವನ್ನು ಅರ್ಧ ಮಾತ್ರ ನಂಬಿ. ಟ್ರೇಲರಿನ ಮೂತಿ ಗಾಡಿಯ ಕೊಕ್ಕೆಯ ಮೇಲೆ ಹತ್ತರಲ್ಲಿ ಒಂದು ಪಾಲು, ಅಂದರೆ 350 ಕಿಲೋ, ಊರುತ್ತದೆ. ಅದು ನೀವು ಹೊರುವ ಒಂದು ಟನ್ನಿನಲ್ಲೇ ಸೇರಿತು. ಮುಂದಿನ ಉಕ್ಕಿನ ಕಂಬಿ, ಹಿಂದಿನ ಪೆಟ್ಟಿಗೆ, ಇಬ್ಬರು ಜನ, ನಿಮ್ಮ ಸಲಕರಣೆ ಎಲ್ಲವನ್ನೂ ಕೂಡಿಸಿ. ಅದರ ಮೇಲೆ ಗಾಡಿ ಮತ್ತು ಟ್ರೇಲರ್ ಒಟ್ಟು ಇಷ್ಟೇ ತೂಗಬೇಕೆಂಬ ಮಿತಿ ಬೇರೆ ಇರುತ್ತದೆ. ಪೂರ್ತಿ ಮೂರೂವರೆ ಟನ್ ಎಳೆದರೆ ಗಾಡಿಯಲ್ಲಿ ಹೊರಲು ಕೆಲವು ನೂರು ಕಿಲೋ ಮಾತ್ರ ಉಳಿಯುತ್ತದೆ. ಈ ಮಿತಿಯನ್ನು ಎಂಜಿನ್ ಶಕ್ತಿ ಕಾಪಾಡುವುದಿಲ್ಲ, ಅಪಘಾತವಾದರೆ ವಿಮೆಯವರು ಮೊದಲು ಕೇಳುವುದು ತೂಕವನ್ನೇ.

ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ವಿಷಯ ಚಿಕ್ಕದು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ಓಡಿಸಿದರೆ ಅದು ಬಿಸಿಯಾಗದೆ ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ.

ನನ್ನ ತೀರ್ಪು: ಸಾಲ ಬೇಡ, ಬಳಸಿದ ಮೂರು ಲೀಟರಿನ ಡಿ-ಮ್ಯಾಕ್ಸ್ ಆಟೊಮ್ಯಾಟಿಕ್ ಹುಡುಕಿ. 2020ರಿಂದೀಚೆಗಿನ ಮಾಜ್ದಾ ಬಿಟಿ-50 ಅದೇ ಗಾಡಿ, ಮುಖ ಮಾತ್ರ ಬೇರೆ, ಎಷ್ಟೋ ಸಲ ಅಗ್ಗಕ್ಕೆ ಸಿಗುತ್ತದೆ. ಹೈಲಕ್ಸ್ ಸಿಕ್ಕರೂ ತಪ್ಪಿಲ್ಲ, ಆ ಹೆಸರಿಗೆಂದೇ ಒಂದಿಷ್ಟು ಹೆಚ್ಚು ತೆರುತ್ತೀರಿ. ಕೆಲಸದ ಜಾಗದಲ್ಲಿ ಬೆಳಗಿನ ಚಹಾ ವಿರಾಮದಲ್ಲಿ ಎಲ್ಲರೂ ತಮ್ಮ ತಮ್ಮ ಗಾಡಿಯ ಕಿಲೋವ್ಯಾಟ್ ಹೇಳಿ ನಿಮ್ಮದನ್ನೂ ಕೇಳುತ್ತಾರೆ. 140 ಎಂದು ಹೇಳಿ ಚಹಾ ಕುಡಿಯಿರಿ.

ಕೊಳ್ಳುವಾಗ ಎರಡು ಎಚ್ಚರ. ಪಿಪಿಎಸ್‌ಆರ್ ಎಂಬ ಸರ್ಕಾರಿ ನೋಂದಣಿಯಲ್ಲಿ ಎರಡು ಡಾಲರ್ ಕೊಟ್ಟರೆ ಆ ಗಾಡಿಯ ಮೇಲೆ ಸಾಲ ಉಳಿದಿದೆಯೇ ಎಂದು ತಿಳಿಯುತ್ತದೆ, ಹಣ ಕೊಡುವ ದಿನವೇ ನೋಡಿ. ಮಾರುವವರಿಂದ ಸುರಕ್ಷತಾ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ, ಟೂವೂಂಬಾ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಅದು ಕಡ್ಡಾಯ. ನೋಡಲು ಹೋಗುವ ಮೊದಲು ಎಂಜಿನ್ ಚಾಲೂ ಮಾಡಿಡಬೇಡಿ ಎಂದು ತಿಳಿಸಿ. ತಣ್ಣಗಿರುವಾಗ ಕೀಲಿ ತಿರುಗಿಸಿದರೆ ಹೊಗೆಯ ಬಣ್ಣ, ಇಂಜೆಕ್ಟರಿನ ಸದ್ದು ಎಲ್ಲ ಬಯಲಾಗುತ್ತದೆ. ಮುಂದಿನ ತಿಂಗಳು ನಾನೂ ಅಲ್ಲಿಗೆ ಮರಳಿರುತ್ತೇನೆ. ಗಾಡಿ ನೋಡಲು ಹೋಗುವುದಾದರೆ ಶನಿವಾರ ಇಟ್ಟುಕೊಳ್ಳಿ, ಗಾಡಿಯ ದೋಷ ಓದುವ ಸ್ಕ್ಯಾನರ್ ತೆಗೆದುಕೊಂಡು ಬರುತ್ತೇನೆ.