ಬ್ರಿಟನ್‌ನಲ್ಲಿ ಸಂಜೆ ಹಿತ್ತಲಲ್ಲಿ ಹಾರುವ ಪುಟ್ಟ ಬಾವಲಿ ಯಾವುದು ಅಂತ ಗುರುತಿಸುವುದು ಹೇಗೆ?

ಬಹುಮಟ್ಟಿಗೆ ಅದು ಪಿಪಿಸ್ಟ್ರೆಲ್ ಬಾವಲಿ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಬಂದು, ತಲೆಗಿಂತ ತುಸು ಮೇಲೆ ಗಕ್ಕನೆ ಅತ್ತಿತ್ತ ತಿರುಗುತ್ತಾ ಹುಳ ಹಿಡಿಯುತ್ತದೆ. ತೂಕ 5 ಗ್ರಾಂ ಆಸುಪಾಸು, ಅಷ್ಟೇ!

ಆದರೆ ಇದರಲ್ಲಿ ಕಾಮನ್, ಸೊಪ್ರಾನೊ ಅಂತ ಎರಡು ಜಾತಿ ಜಾಸ್ತಿ ಸಿಗುತ್ತವೆ. ಹಾರುವಾಗ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ದನಿಯಿಂದಲೇ ಗೊತ್ತಾಗಬೇಕು. 1990ರ ದಶಕದವರೆಗೆ ವಿಜ್ಞಾನಿಗಳೂ ಎರಡನ್ನೂ ಒಂದೇ ಅಂದುಕೊಂಡಿದ್ದರು.

ಒಂದು ಬ್ಯಾಟ್ ಡಿಟೆಕ್ಟರ್ ಬೇಕು, ಅಂದರೆ ನಮ್ಮ ಕಿವಿಗೆ ನಿಲುಕದ ಅದರ ಕೂಗನ್ನು ಕೇಳಿಸುವ ಸಣ್ಣ ಯಂತ್ರ. ಕಾಮನ್‌ನ ಕೂಗು 45 ಕಿಲೋಹರ್ಟ್ಸ್ (ದನಿ ಎಷ್ಟು ಕೀಚಲು ಅನ್ನುವುದರ ಅಳತೆ) ಹತ್ತಿರ ಅತಿ ಜೋರು, ಸೊಪ್ರಾನೊದ್ದು 55ರ ಹತ್ತಿರ. ಪ್ರತಿ ಕೂಗೂ ತುಂಬಾ ಮೇಲಿನ ಸ್ವರದಿಂದ ಸರ್ರನೆ ಇಳಿದು ಕೊನೆಗೆ ಆ ಮಟ್ಟದಲ್ಲಿ ಒಂದಿಷ್ಟು ನಿಲ್ಲುತ್ತದೆ, ಅದಕ್ಕೇ ಯಂತ್ರದ ಡಯಲ್ ತಿರುಗಿಸುತ್ತಾ ಸರಿಯಾದ ಜಾಗಕ್ಕೆ ಬಂದಾಗ ಒಣ ಟಿಕ್ ಟಿಕ್ ಹೋಗಿ ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಾಗೆ ಪಟ್ ಪಟ್ ಕೇಳುತ್ತದೆ. 50ರ ಸುತ್ತ ಕೇಳಿದರೆ ಎರಡರಲ್ಲಿ ಯಾವುದೂ ಇರಬಹುದು, ಸುಮ್ನೆ ಪಿಪಿಸ್ಟ್ರೆಲ್ ಅಂತ ಬರೆದುಕೊಳ್ಳಿ.

ದಯವಿಟ್ಟು ಹಿಡಿದು ನೋಡಲು ಹೋಗಬೇಡಿ. ಪರವಾನಗಿ ಇಲ್ಲದೆ ಬಾವಲಿ ಹಿಡಿಯುವುದು ಅಲ್ಲಿ ಅಪರಾಧ.