ಹಳೆಯ ಯುದ್ಧವಿಮಾನಗಳನ್ನು ಕಂಪ್ಯೂಟರಿನಲ್ಲಿ ಹಾರಿಸೋದರಿಂದ ಕಲಿಯೋದು ಏನಾದರೂ ಇದೆಯಾ? ಎಲ್ಲಿಂದ ಶುರು ಮಾಡಲಿ?

ಯಾದಗಿರಿಯಿಂದ ಕೇಳಿದ್ದೀರಿ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಇದೆ, ಹಳೆಯ ಯುದ್ಧವಿಮಾನ ಅಂದರೆ ಜೀವ, ಆದರೆ ಮನೆಯಲ್ಲಿ ಇದನ್ನು ವಿಡಿಯೋ ಗೇಮ್ ಅಂತ ಬೈತಾರೆ ಅಂತ ಬರೆದಿದ್ದೀರಿ. ಕಲಿಯೋದು ಇದೆ ರೀ, ಭಾಳ ಇದೆ. ಆದರೆ ಗುಂಡು ಹಾರಿಸೋದನ್ನು ಸದ್ಯಕ್ಕೆ ಬದಿಗಿಡಿ. ಒಂದೇ ಒಂದು ವಿಮಾನ ಆರಿಸಿಕೊಳ್ಳಿ. ಅದನ್ನು ಸ್ಟಾರ್ಟ್ ಮಾಡೋದು, ನೆಲದ ಮೇಲೆ ನೆಟ್ಟಗೆ ಓಡಿಸೋದು, ಮತ್ತೆ ನೆಲಕ್ಕೆ ಇಳಿಸೋದು, ಇಷ್ಟನ್ನು ಮೊದಲು ಕಲೀರಿ. ಹಳೆಯ ವಿಮಾನದ ರುಚಿ ಇರೋದೇ ಅಲ್ಲಿ.

ನಾನು ಬೀದರಿನವನು, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೀನಿ. ಈ ಊರಲ್ಲಿ ಬೆಳೆದವರಿಗೆ ವಿಮಾನದ ಹುಚ್ಚು ಹಿಡಿಯೋಕೆ ಬೇರೆ ಕಾರಣ ಬೇಕಿಲ್ಲ. ವಾಯುಪಡೆಯ ತರಬೇತಿ ನೆಲೆ ಇಲ್ಲೇ ಇದೆ, 1996ರಲ್ಲಿ ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ ಕಟ್ಟಿದ್ದೂ ಇಲ್ಲೇ. ನಾನು ಸಾಲಿಗೆ ಹೋಗುವ ವಯಸ್ಸಿನಲ್ಲಿ, ಮಾಳಿಗೆ ಮೇಲೆ ಒಣಹಾಕಿದ ಉದ್ದು ಕಾಯೋ ಕೆಲಸ ನನ್ನ ಪಾಲಿಗೆ ಬರ್ತಿತ್ತು. ಆ ತಂಡದ ಒಂಬತ್ತು ಕಿರಣ್ ತರಬೇತಿ ಜೆಟ್‌ಗಳು ರೆಕ್ಕೆಗೆ ರೆಕ್ಕೆ ಕೂಡಿಸಿ ತಲೆ ಮೇಲೆ ಹಾದುಹೋದರೆ ಉದ್ದು ಯಾವ ಹಕ್ಕಿ ತಿಂದರೂ ನನಗೆ ಗೊತ್ತಾಗ್ತಿರಲಿಲ್ಲ. 2011ರಲ್ಲಿ ಆ ಕಿರಣ್‌ಗಳ ಪ್ರದರ್ಶನ ನಿಂತು, ಕೆಲವು ವರ್ಷಗಳ ಮೇಲೆ ತಂಡ ಹಾಕ್ ವಿಮಾನಗಳೊಂದಿಗೆ ವಾಪಸ್ ಬಂತು. ಹಾಕ್‌ನ ಸದ್ದು ಬೇರೆ. ಕಣ್ಣು ಮುಚ್ಚಿಕೊಂಡಿದ್ದರೂ ವ್ಯತ್ಯಾಸ ಹೇಳ್ತೀನಿ.

ಈಗ ವಿಷಯಕ್ಕೆ ಬರ್ತೀನಿ. ರಿವೈಂಡಿಂಗ್ ಆದ ಮೋಟಾರನ್ನು ಬೋಲ್ಟ್ ಬಿಗಿಯದೆ ನೆಲದ ಮೇಲಿಟ್ಟು ಸ್ವಿಚ್ ಹಾಕಿದರೆ ಅದು ಜಗ್ಗನೆ ಒಂದು ಪಕ್ಕಕ್ಕೆ ಹೊರಳುತ್ತೆ. ಶಾಫ್ಟ್ ಒಂದು ಕಡೆ ತಿರುಗಿದರೆ ಬಾಡಿ ಇನ್ನೊಂದು ಕಡೆ ಒದೆಯುತ್ತೆ. ಇದನ್ನು ದಿನಾ ನೋಡುವ ನನಗೆ, ಕಂಪ್ಯೂಟರಿನಲ್ಲಿ ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನ ಸ್ಪಿಟ್‌ಫೈರ್ ಮೊದಲ ಸಲ ರನ್‌ವೇ ಬಿಟ್ಟು ಎಡಕ್ಕೆ ಹುಲ್ಲಿನೊಳಗೆ ಓಡಿದಾಗ ತಟ್ಟನೆ ಹೊಳೀತು: ಇದು ನನ್ನ ಅಂಗಡಿಯದೇ ಮೋಟಾರು, ಆದರೆ ಸಾವಿರಕ್ಕೂ ಹೆಚ್ಚು ಅಶ್ವಶಕ್ತಿಯದು! ತಿರುಚುವ ಬಲದ ಜೊತೆಗೆ, ಪ್ರೊಪೆಲ್ಲರ್ ಎಬ್ಬಿಸಿದ ಸುರುಳಿ ಗಾಳಿ ಬಾಲದ ರೆಕ್ಕೆಗೆ ಒಂದು ಪಕ್ಕದಿಂದ ಬಡಿದು ಮೂತಿಯನ್ನು ಇನ್ನಷ್ಟು ಎಡಕ್ಕೆ ಎಳೆಯುತ್ತೆ. ಮೂತಿಯನ್ನು ಎಡಬಲ ತಿರುಗಿಸುವ ರಡರ್ ಪೆಡಲನ್ನು ಬಲಗಾಲಿನಿಂದ ಒತ್ತಿ ಹಿಡಿದು, ಇಂಜಿನ್ ಬಲ ಏರಿಸುವ ಥ್ರಾಟಲನ್ನು ಬೆರಳಿನಷ್ಟು ಬೆರಳಿನಷ್ಟೇ ಮುಂದೆ ದೂಡಬೇಕು. ಇದು ಮೊದಲಿನ ಸ್ಪಿಟ್‌ಫೈರ್‌ಗಳಲ್ಲಿದ್ದ ಮರ್ಲಿನ್ ಇಂಜಿನ್ನಿನ ಮಾತು. ಮುಂದೆ ಬಂದ ಗ್ರಿಫನ್ ಇಂಜಿನ್ ಉಲ್ಟಾ ತಿರುಗ್ತಿತ್ತು, ಅದು ಬಲಕ್ಕೆ ಎಳೀತಿತ್ತು. ನಮ್ಮ ವಾಯುಪಡೆ ಹಾರಿಸಿದ ಸ್ಪಿಟ್‌ಫೈರ್ 14 ಮತ್ತು 18 ಎರಡೂ ಗ್ರಿಫನ್‌ನವೇ. ಮರ್ಲಿನ್‌ಗೆ ಒಗ್ಗಿದ ಕಾಲುಗಳನ್ನು ಉಲ್ಟಾ ಒಗ್ಗಿಸಿಕೊಳ್ಳುವಾಗ ಆ ಪೈಲಟ್‌ಗಳು ಏನು ಪಟ್ಟಿರಬೇಕು ಅನ್ನೋದು ಓದಿ ತಿಳಿಯೋದಲ್ಲ, ಕೈಕಾಲಿನಲ್ಲೇ ತಿಳಿಯಬೇಕು.

ಇನ್ನೊಂದು ನನಗೆ ಬಲು ಪ್ರೀತಿಯ ವಿಷಯ. ಮೊದಲಿನ ಮರ್ಲಿನ್‌ನಲ್ಲಿ ಮೂತಿಯನ್ನು ಗಕ್ಕನೆ ಕೆಳಗೆ ಒತ್ತಿದರೆ ಕಾರ್ಬುರೇಟರಿನಲ್ಲಿ ಇಂಧನದ ಮಟ್ಟ ಕಾಯುವ ಫ್ಲೋಟ್ ಲೆಕ್ಕ ತಪ್ಪಿ ಇಂಜಿನ್ ಕೆಮ್ಮಿ ಸೊರಗ್ತಿತ್ತು. ಎದುರಾಳಿ ಜರ್ಮನ್ ವಿಮಾನ ಮೆಸ್ಸರ್‌ಶ್ಮಿಟ್ 109ಕ್ಕೆ ಇಂಧನ ನೇರ ಇಂಜೆಕ್ಷನ್ ಆಗ್ತಿದ್ದ ಕಾರಣ ಆ ತೊಂದರೆ ಇರಲಿಲ್ಲ, ಅದು ಮೂತಿ ಬಗ್ಗಿಸಿ ತಪ್ಪಿಸಿಕೊಂಡು ಹೋಗ್ತಿತ್ತು. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಇಂಜಿನಿಯರ್, ನಡುವೆ ತೂತಿರುವ ಒಂದು ಚಿಕ್ಕ ಲೋಹದ ತುಂಡನ್ನು ಇಂಧನದ ದಾರಿಯಲ್ಲಿ ಕೂಡಿಸಿ ಆ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸಿದಳು. ರಿಪೇರಿ ಕೆಲಸ ಮಾಡುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಯುದ್ಧಕಥೆ ಬೇಕಾ?

ಜೆಟ್ ಕಡೆ ಹೋದರೆ ನನ್ನ ಮನಸ್ಸು ಮಿಗ್-21ರ ಮೇಲೆ. 1963ರಲ್ಲಿ ನಮ್ಮ ವಾಯುಪಡೆಗೆ ಬಂದು, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆದ ವಿಮಾನ. ಅದರ ಬಿಸ್ ಮಾದರಿಯನ್ನು ನಾನು ಮೂರು ವರ್ಷದಿಂದ ಹಾರಿಸ್ತಿದ್ದೀನಿ. ಅದರ ರೆಕ್ಕೆ ಚಿಕ್ಕದು. ನಿಧಾನ ಹೋಗುವಾಗ ಎತ್ತಿ ಹಿಡಿಯುವ ಬಲ ಸಾಲದು ಅಂತ, ಇಂಜಿನ್ನಿನಿಂದಲೇ ಗಾಳಿ ತೆಗೆದು ರೆಕ್ಕೆಯ ಹಿಂಭಾಗದ ಫ್ಲ್ಯಾಪ್‌ಗಳ ಮೇಲೆ ಊದುವ ವ್ಯವಸ್ಥೆ ಮಾಡಿದ್ದಾರೆ. ಇಳಿಯುವಾಗ ವೇಗ ಜಾಸ್ತಿ ಆಯ್ತು ಅಂತ ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದರೆ ಆ ಗಾಳಿ ಕುಗ್ಗುತ್ತೆ, ವಿಮಾನ ಕಲ್ಲಿನ ಹಾಗೆ ಕುಸಿಯುತ್ತೆ. ಗಾಬರಿಯಾಗಿ ಮತ್ತೆ ಥ್ರಾಟಲ್ ಕೊಟ್ಟರೆ ಇಂಜಿನ್ ಸುತ್ತು ಏರೋಕೆ ಕೆಲವು ಸೆಕೆಂಡು ಬೇಕು, ಅಷ್ಟರಲ್ಲಿ ನೆಲ ಬಂದಿರುತ್ತೆ. ನನಗೆ ಇದು ಹದಿನೈದು ಸಲ ಆಯ್ತು.

ಹದಿನಾರನೇ ಸಲ ನಮ್ಮ ಓಣಿಯ ಕಾಕಾ ಪಕ್ಕದಲ್ಲಿ ಕೂತಿದ್ದರು. ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು, ಫ್ಯಾನ್ ರಿಪೇರಿಗೆ ಅಂಗಡಿಗೆ ಬಂದಿದ್ದರು. ಪರದೆ ಕಡೆ ನೋಡ್ತಾ ಇದ್ದವರು, ನಾನು ಥ್ರಾಟಲ್ ಎಳೆಯೋಕೆ ಹೋದ ಕೂಡಲೇ ನನ್ನ ಮಣಿಕಟ್ಟು ಹಿಡಿದರು. "ಏನ್ ಮಾಡ್ಲತಿ ತಮ್ಮಾ? ಒಮ್ಮೆಲೆ ಎಳೀಬ್ಯಾಡ, ಒಮ್ಮೆಲೆ ದೂಡಬ್ಯಾಡ. ಇಂಜಿನ್ನಿಗಿ ಉಸುರು ತಗೊಳ್ಳಾಕ ಟೈಮ್ ಕೊಡು." ಚಕ್ರ ನೆಲ ಮುಟ್ಟುವವರೆಗೂ ಆ ಕೈ ಬಿಡಲಿಲ್ಲ. ಅವರ ಹೆಬ್ಬೆರಳು ಒರಟು, ಆದರೆ ನನ್ನ ಕೈಯನ್ನು ದೂಡಿದ್ದು ಕೂದಲೆಳೆಯಷ್ಟು. ಚಕ್ರ ನೆಲಕ್ಕೆ ತಾಗಿ ಹಿಂದೆ ವೇಗ ತಗ್ಗಿಸುವ ಪ್ಯಾರಾಚೂಟ್ ಬಿಚ್ಚಿಕೊಂಡಾಗ ಇಬ್ಬರೂ ಒಂದು ಮಾತಾಡಲಿಲ್ಲ. ಆವತ್ತಿನಿಂದ ಗುರುವಾರ ಸಂಜೆ ಅವರು ಬಂದರೆ ಮೊದಲು ಚಹಾ, ಆಮೇಲೆ ಹಾರಾಟ.

ಕಾಕಾ ಹೇಳಿಕೊಟ್ಟ ಒಂದು ನಂಟು ನಿಮಗೂ ಹೇಳಬೇಕು. 1965 ಮತ್ತು 1971ರ ಯುದ್ಧಗಳಲ್ಲಿ ಹೆಸರು ಮಾಡಿದ ಪುಟ್ಟ ಯುದ್ಧವಿಮಾನ ನ್ಯಾಟ್, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿ 1961ರ ಜೂನ್ 17ರಂದು ಮೊದಲ ಸಲ ಹಾರಿದ ಮಾರುತ, ಮತ್ತೆ ನಮ್ಮ ಸೂರ್ಯಕಿರಣ್‌ನ ಕಿರಣ್ ಮಾರ್ಕ್ 2, ಮೂರಕ್ಕೂ ಒಂದೇ ಕುಲದ ಇಂಜಿನ್: ಆರ್ಫಿಯಸ್. ನ್ಯಾಟ್ ಮತ್ತು ಕಿರಣ್‌ಗೆ ಒಂದೊಂದು, ಮಾರುತಕ್ಕೆ ಎರಡು. ಮಾರುತದ ನೋವೂ ಅದೇ. ಅದರ ಮೈಗೆ ತಕ್ಕಂಥ ಬಲವಾದ ಇಂಜಿನ್ ಕೊನೆಗೂ ಸಿಗಲಿಲ್ಲ. ಶಬ್ದದ ವೇಗ ಮೀರಬೇಕಾಗಿದ್ದ ವಿಮಾನ ಅದರ ಹೊಸ್ತಿಲಲ್ಲೇ ಉಳೀತು. ಹಾಗಿದ್ದೂ 1971ರಲ್ಲಿ ಲೋಂಗೆವಾಲಾ ರಣರಂಗದಲ್ಲಿ ಕೆಲಸ ಮಾಡಿ ತೋರಿಸಿತು. ಅದರ ವಿನ್ಯಾಸಕ ಕರ್ಟ್ ಟ್ಯಾಂಕ್, ಎರಡನೇ ಮಹಾಯುದ್ಧದ ಫೋಕೆ-ವುಲ್ಫ್ 190 ರೂಪಿಸಿದ ಜರ್ಮನ್. ನೀವು ಮುಂದೆ ಆ 190ನ್ನು ಸಿಮ್ಯುಲೇಟರ್‌ನಲ್ಲಿ ಹಾರಿಸಿದಾಗ, ಇದೇ ತಲೆ ಬೆಂಗಳೂರಿಗೆ ಬಂದು ಮಾರುತ ಕಟ್ಟಿತು ಅಂತ ನೆನಪಿಟ್ಟುಕೊಳ್ಳಿ. ಬೆಂಗಳೂರಿಗೆ ಹೋದರೆ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಮಾರುತದ ಮುಂದೆ ಹತ್ತು ನಿಮಿಷ ನಿಂತು ಬನ್ನಿ.

ಕಂಪ್ಯೂಟರ್ ವಿಷಯ. ನಿಮ್ಮ 8 ಜಿಬಿಗೆ ಫ್ಲೈಟ್‌ಗೇರ್ ಅನ್ನೋ ಸಿಮ್ಯುಲೇಟರ್ ಸಾಕು. ಪೂರ್ತಿ ಉಚಿತ, ಹಳೆಯ ವಿಮಾನಗಳೂ ಇವೆ. ಐಎಲ್-2 ಸ್ಟರ್ಮೊವಿಕ್ 1946 ಅನ್ನೋದು 2006ರದು, ಕಡಿಮೆ ಬಲದ ಯಂತ್ರದಲ್ಲೂ ಓಡುತ್ತೆ, ಎರಡನೇ ಮಹಾಯುದ್ಧದ ವಿಮಾನಗಳ ಖಜಾನೆ. ಡಿಸಿಎಸ್ ಅನ್ನೋ ಇನ್ನೊಂದು ಸಿಮ್ಯುಲೇಟರ್‌ನಲ್ಲಿ ಟಿಎಫ್-51 ಮಸ್ಟ್ಯಾಂಗ್ ಉಚಿತವಾಗಿ ಸಿಗುತ್ತೆ, ಮಿಗ್-21ಕ್ಕೆ ದುಡ್ಡು ಕೊಡಬೇಕು, ಆದರೆ ಡಿಸಿಎಸ್ ನಿಮ್ಮ ಲ್ಯಾಪ್‌ಟಾಪಿಗೆ ಭಾರ. ಈಗಲೇ ಹೊಸ ಕಂಪ್ಯೂಟರ್ ತಗೊಳ್ಳೋಕೆ ಹೋಗಬೇಡಿ. ದುಡ್ಡಿದ್ದರೆ ಮೊದಲು ಒಂದು ಜಾಯ್‌ಸ್ಟಿಕ್ ತಗೊಳ್ಳಿ, ಹಿಡಿ ತಿರುಚಿದರೆ ರಡರ್ ಆಡುವಂಥದ್ದು. ಕೀಬೋರ್ಡಿನಲ್ಲಿ ಸ್ಪಿಟ್‌ಫೈರ್ ಇಳಿಸೋದು ಆಗದ ಮಾತು. ಕೆಲವು ತಿಂಗಳ ಮೇಲೆ ಸ್ಟಿಕ್ ಬಿಟ್ಟರೂ ವಿಮಾನ ತಾನೇ ವಾಲ್ತಿದ್ದರೆ ಎಸೆಯಬೇಡಿ. ಬಿಚ್ಚಿ, ಒಳಗಿನ ಪೊಟೆನ್ಶಿಯೋಮೀಟರಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ನಮ್ಮ ಕಡೆಯ ಧೂಳಿಗೆ ವರ್ಷಕ್ಕೆ ಎರಡು ಸಲ ಆದರೂ ಬೇಕಾಗುತ್ತೆ.

ಒಬ್ಬರೇ ಹಾರಿಸ್ತಾ ಕೂರಬೇಡಿ ಅಂತಲೂ ಹೇಳ್ತೀನಿ. ನಾವು ಮೂವರು ಇದ್ದೀವಿ: ನಾನು, ಹುಮನಾಬಾದಿನ ಒಬ್ಬ ಮೇಷ್ಟ್ರು, ಕಲಬುರಗಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಗೆಳೆಯ. ಭಾನುವಾರ ರಾತ್ರಿ ಫೋನ್ ಸ್ಪೀಕರಿಗೆ ಹಾಕಿ ಮೂರು ಸ್ಪಿಟ್‌ಫೈರ್ ಕೂಡಿ ಹಾರಿಸ್ತೀವಿ. ಹಿಂದಿನವನು ಮುಂದಿನವನ ರೆಕ್ಕೆ ಬಿಟ್ಟು ಬೇರೆ ಏನನ್ನೂ ನೋಡಬಾರದು, ಥ್ರಾಟಲ್ ಕೈ ಒಂದು ಕ್ಷಣವೂ ಸುಮ್ಮನಿರುವ ಹಾಗಿಲ್ಲ. ಎಂಟು ತಿಂಗಳ ಅಭ್ಯಾಸದ ಮೇಲೆ ನಾವು ಮೂವರು ಚದುರದೆ ನಿಂತದ್ದು ನಲವತ್ತು ಸೆಕೆಂಡು. ಉದ್ದು ಕಾಯುವಾಗ ನೋಡಿದ ಆ ಒಂಬತ್ತು ವಿಮಾನಗಳು ಏನು ಮಾಡ್ತಿದ್ದವು ಅನ್ನೋದು ನನಗೆ ಅರ್ಥವಾದದ್ದು ಆ ರಾತ್ರಿ. 2006ರ ಮಾರ್ಚ್‌ನಲ್ಲಿ ಇಲ್ಲೇ ಬೀದರಿನಲ್ಲಿ ಅಭ್ಯಾಸದ ವೇಳೆ ಒಂದು ಕಿರಣ್ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡಿದ್ದರು. ಫೋನ್ ಇಟ್ಟ ಮೇಲೆ ಅವರ ನೆನಪಾಗಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮೊದಲ ವಾರ ಹಾರಲೇಬೇಡಿ, ಸ್ಪಿಟ್‌ಫೈರನ್ನು ರನ್‌ವೇ ಮೇಲೆ ಈ ತುದಿಯಿಂದ ಆ ತುದಿಗೆ ಓಡಿಸಿ. ಉದ್ದ ಮೂತಿ ಅಡ್ಡ ಬಂದು ಮುಂದೆ ಏನೂ ಕಾಣೋದಿಲ್ಲ, ಹಾವಿನ ಹಾಗೆ ಎಡಬಲ ಹೊರಳಿಸ್ತಾ ಪಕ್ಕದಿಂದ ನೋಡಿಕೊಂಡು ಹೋಗಬೇಕು. ಬಹಳ ಹೊತ್ತು ನೆಲದ ಮೇಲೆ ನಿಂತರೆ ಇಂಜಿನ್ ಕುದಿಯುತ್ತೆ, ರೇಡಿಯೇಟರ್ ಉಷ್ಣಾಂಶದ ಮುಳ್ಳಿನ ಮೇಲೆ ಕಣ್ಣಿರಲಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆಯಾ ಅಂತ ಕೆಳಗೆ ಬರೆಯಿರಿ, ಫ್ಲೈಟ್‌ಗೇರ್‌ನ ಸೆಟ್ಟಿಂಗ್ ಏನು ಇಡಬೇಕು ಅಂತ ಹೇಳ್ತೀನಿ.