ಅಲ್ಯೂಮಿನಿಯಂ ಗುಜರಿಯನ್ನು ಕುಶಾಲನಗರದಿಂದ ಮೈಸೂರಿಗೆ ಸಾಗಿಸಿ ಮರುಬಳಕೆಗೆ ಕೊಡುವುದರಿಂದ ನಿಜಕ್ಕೂ ಲಾಭವಿದೆಯೇ?

ಕಿಟಕಿ, ಬಾಗಿಲು ತಯಾರಿಸುವ ನಿಮ್ಮ ಘಟಕದಲ್ಲಿ ಉಳಿಯುವ ಅಲ್ಯೂಮಿನಿಯಂ ತುಂಡುಗಳನ್ನು ಸುಮಾರು 90 ಕಿಲೋಮೀಟರ್ ದೂರದ ಮೈಸೂರಿಗೆ ಸಾಗಿಸಲು ಉರಿಯುವ ಡೀಸೆಲ್, ಮರುಬಳಕೆಯ ಪ್ರಯೋಜನವನ್ನೇ ನುಂಗಿಹಾಕುವುದಿಲ್ಲವೇ, ಬಾಡಿಗೆ ಕಳೆದು ಏನಾದರೂ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಕುಶಾಲನಗರದ ಸಮೀಪದಲ್ಲೇ ಲೋಹದ ಕೆಲಸದ ಘಟಕವೊಂದರ ಲೆಕ್ಕಪತ್ರ ನೋಡಿಕೊಳ್ಳುವವನಾಗಿ ಉತ್ತರಿಸುತ್ತಿದ್ದೇನೆ. ಪರಿಸರದ ಮಟ್ಟಿಗೆ ಈ ದೂರ ಚಿಂತಿಸಬೇಕಾದ ವಿಷಯವೇ ಅಲ್ಲ. ಹಣದ ಮಟ್ಟಿಗೆ ಮಾತ್ರ ಅದು ಭಾರವಾಗುತ್ತದೆ.

ಸ್ಥೂಲವಾಗಿ ಲೆಕ್ಕ ಹಾಕೋಣ. ಅದಿರಿನಿಂದ ಒಂದು ಟನ್ ಅಲ್ಯೂಮಿನಿಯಂ ತೆಗೆಯಲು ನಾಲ್ಕು ಟನ್ನಿನಷ್ಟು ಬಾಕ್ಸೈಟ್ ಬೇಕು. ವಿದ್ಯುತ್ ಹರಿಸಿ ಲೋಹವನ್ನು ಬೇರ್ಪಡಿಸುವ ವಿದ್ಯುದ್ವಿಭಜನೆಯ ಹಂತವೊಂದಕ್ಕೇ ಸುಮಾರು 14,000 ಯೂನಿಟ್ ವಿದ್ಯುತ್ ಬೇಕು. ಕಲ್ಲಿದ್ದಲಿನಿಂದ ಬರುವ ಪ್ರತಿ ಯೂನಿಟ್ಟಿಗೆ ಒಂದು ಕಿಲೋ ಹತ್ತಿರ ಇಂಗಾಲದ ಡೈಆಕ್ಸೈಡ್ ಹೊಮ್ಮುವುದರಿಂದ, ಅಷ್ಟರಿಂದಲೇ ಹತ್ತು ಟನ್ನಿಗೂ ಹೆಚ್ಚು ಅನಿಲ ಗಾಳಿಗೆ ಸೇರುತ್ತದೆ. ಗುಜರಿಯನ್ನು ಕರಗಿಸಿದರೆ ಈ ಶಕ್ತಿಯಲ್ಲಿ ಶೇಕಡಾ 95ರಷ್ಟು ಉಳಿತಾಯವಾಗುತ್ತದೆ. ಇನ್ನು ಸಾಗಣೆ: ಒಂದು ಟನ್ ಹೊತ್ತ ಸಣ್ಣ ಗಾಡಿ ಮೈಸೂರಿಗೆ ಹೋಗಿ ಬರಲು 15 ಲೀಟರ್ ಡೀಸೆಲ್ ಸುಟ್ಟಿತೆಂದು ಇಟ್ಟುಕೊಂಡರೂ, ಲೀಟರಿಗೆ 2.7 ಕಿಲೋದಂತೆ ಹೊಮ್ಮುವುದು ಸುಮಾರು 40 ಕಿಲೋ ಮಾತ್ರ.

ಬಾಡಿಗೆಯ ವಿಷಯ ಹಾಗಲ್ಲ. ನಮ್ಮ ಜಿಲ್ಲೆಗೆ ರೈಲು ಇಲ್ಲದ್ದರಿಂದ ಎಲ್ಲವೂ ರಸ್ತೆಯ ಮೇಲೆಯೇ ಸಾಗಬೇಕು, ಅರ್ಧ ತುಂಬಿದ ಗಾಡಿಗೂ ಪೂರ್ತಿ ಬಾಡಿಗೆ ತೆರಬೇಕು. ಹೊಸ ಸೆಕ್ಷನ್‌ಗಳನ್ನು (ಕಿಟಕಿ, ಬಾಗಿಲಿನ ಚೌಕಟ್ಟಿಗೆ ಕತ್ತರಿಸುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಗಳನ್ನು) ನಿಮ್ಮಲ್ಲಿ ಇಳಿಸಿ ಖಾಲಿ ಹಿಂತಿರುಗುವ ಗಾಡಿಯಲ್ಲೇ ಗುಜರಿಯನ್ನು ಕಳುಹಿಸಲು ಮಾತನಾಡಿಕೊಳ್ಳಿ. ಅಕ್ಕಪಕ್ಕದ ಘಟಕಗಳವರೂ ಜೊತೆಗೂಡಿದರೆ ಇನ್ನೂ ಒಳ್ಳೆಯದು.

ಆದರೆ ಬಾಡಿಗೆಗಿಂತ ಹೆಚ್ಚು ಹಣ ಕೈತಪ್ಪುವುದು ಬೆರಕೆಯಿಂದ. ಕಿಟಕಿಯ ಸೆಕ್ಷನ್‌ಗಳಲ್ಲಿ ಸಾಮಾನ್ಯವಾಗಿ 6063 ಎಂಬ ಮಿಶ್ರಲೋಹವಿರುತ್ತದೆ. ಎರಕದ ಬಿಡಿಭಾಗಗಳಲ್ಲಿ ಸಿಲಿಕಾನ್ ಹೆಚ್ಚು. ಇವೆರಡೂ ಒಂದೇ ಚೀಲಕ್ಕೆ ಬಿದ್ದರೆ, ಅಥವಾ ಕಬ್ಬಿಣದ ಸ್ಕ್ರೂ ಒಳಗೇ ಉಳಿದರೆ, ಆ ಲೋಹ ಮತ್ತೆ ಸೆಕ್ಷನ್ ಆಗುವುದು ಕಷ್ಟ, ಏಕೆಂದರೆ ಕರಗಿದ ಅಲ್ಯೂಮಿನಿಯಂಗೆ ಸೇರಿದ ಕಬ್ಬಿಣವನ್ನು ಹೊರತೆಗೆಯುವುದು ಬಹಳ ದುಬಾರಿ. ಅದು ಎರಕಕ್ಕೆ ಹೋಗುತ್ತದೆ, ಗುಜರಿಯವರು ದರ ಇಳಿಸುತ್ತಾರೆ. ಗರಗಸದ ಪುಡಿಯನ್ನೂ ಬೇರೆಯಾಗಿಯೇ ಇಡಿ. ಕುಲುಮೆಯಲ್ಲಿ ಅದರ ಒಂದಷ್ಟು ಭಾಗ ಆಕ್ಸೈಡ್ ಆಗಿ ನಷ್ಟವಾಗುವುದರಿಂದ ಅದಕ್ಕೆ ತುಂಡುಗಳ ಬೆಲೆ ಸಿಗುವುದಿಲ್ಲ.

ಇಷ್ಟಾದರೂ, ಸೆಕ್ಷನ್ ದರದಲ್ಲಿ ಕೊಂಡದ್ದನ್ನು ನೀವು ಗುಜರಿ ದರದಲ್ಲಿ ಮಾರುತ್ತಿದ್ದೀರಿ ಎಂಬುದು ನನ್ನನ್ನು ನಿಜಕ್ಕೂ ಕಾಡುತ್ತದೆ. ಆ ಲೋಹವನ್ನು ಸೆಕ್ಷನ್ ಆಗಿ ರೂಪಿಸಿದ, ಬಣ್ಣ ಬಳಿದ ಶಕ್ತಿಯೂ ಹಣವೂ ಮರಳಿ ಬರುವುದಿಲ್ಲ. ಆದ್ದರಿಂದ ಗುಜರಿಯನ್ನೇ ಕಡಿಮೆ ಮಾಡುವುದು ಮರುಬಳಕೆಗಿಂತ ಮೇಲು. 12 ಅಡಿಯ ಸೆಕ್ಷನ್‌ನಿಂದ 5 ಅಡಿಯ ಎರಡು ತುಂಡು ತೆಗೆದರೆ 2 ಅಡಿ ಉಳಿಯುತ್ತದೆ. ಬೇರೆ ಆರ್ಡರಿನ ಅಳತೆಗಳನ್ನೂ ಸೇರಿಸಿ 5, 4, 2.5 ಅಡಿಯಾಗಿ ಕತ್ತರಿಸಿದರೆ ಅರ್ಧ ಅಡಿ ಮಾತ್ರ. ವಾರದ ಆರ್ಡರುಗಳನ್ನು ಒಟ್ಟಿಗೆ ಇಟ್ಟುಕೊಂಡು ಕತ್ತರಿಸುವ ಪಟ್ಟಿ ಬರೆಯಿರಿ.

ಕೊನೆಯದಾಗಿ, ಮಳೆಗಾಲದಲ್ಲಿ ಗುಜರಿಯನ್ನು ಬಯಲಿನಲ್ಲಿ ರಾಶಿ ಹಾಕಬೇಡಿ. ಪುಡಿಗೆ ಅಂಟಿದ ಎಣ್ಣೆ ಚರಂಡಿಗೆ ಇಳಿದರೆ ಅದು ಮುಟ್ಟುವುದು ಕಾವೇರಿಯನ್ನೇ. ಸಿಮೆಂಟ್ ನೆಲವೂ ಸೂರೂ ಇರುವ ಒಂದು ಮೂಲೆಯನ್ನು ಈ ಕೆಲಸಕ್ಕೇ ಮೀಸಲಿಡಿ.